ಗ್ಯಾಸ್ ಮಾಸ್ಕ್ ಕಂಡುಹಿಡಿದದ್ದು ಅಮೆರಿಕದ ಸಂಶೋಧಕ ಗ್ಯಾರೆಟ್ ಮಾರ್ಗನ್ ಅಂತಾರೆ, ನಿಜವಾ?

ಮೊಟ್ಟಮೊದಲನೆಯದು ಅವರದಲ್ಲ. ಅಮೆರಿಕದ ಲೂಯಿಸ್ ಹ್ಯಾಸ್ಲೆಟ್‌ಗೆ 1849ರಲ್ಲೇ ಧೂಳು ತಡೆಯುವ ‘ಲಂಗ್ ಪ್ರೊಟೆಕ್ಟರ್’ಗೆ ಪೇಟೆಂಟ್ ಸಿಕ್ಕಿತ್ತು. 1854ರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಟೆನ್‌ಹೌಸ್ ಇದ್ದಿಲಿನ ಮಾಸ್ಕ್ ಮಾಡಿದ್ದರು. ಹಾಗಾದ್ರೆ ಮಾರ್ಗನ್‌ಗೆ ಪೇಟೆಂಟ್ ಹೇಗೆ ಸಿಕ್ಕಿತು ಅಂತೀರಾ? ನಾನು ಪೇಟೆಂಟ್ ಅರ್ಜಿ ಬರೆಯುವ ಕೆಲಸದಲ್ಲಿದ್ದೇನೆ, ನಮ್ಮ ಆಫೀಸಿಗೆ ಬರುವವರೂ ಇದನ್ನೇ ಕೇಳುತ್ತಾರೆ. ಪೇಟೆಂಟ್ ಕೊಡುವುದು ‘ಮಾಸ್ಕ್’ ಅನ್ನೋ ವಸ್ತುವಿಗಲ್ಲ, ಅದರಲ್ಲಿ ನೀವು ಹೊಸದಾಗಿ ಮಾಡಿದ ಏರ್ಪಾಟಿಗೆ.

ಮಾರ್ಗನ್‌ಗೆ 1914ರಲ್ಲಿ ಉಸಿರಾಟದ ಸಾಧನಕ್ಕೆ ಎರಡು ಪೇಟೆಂಟ್ ಬಂದವು. ಅಕ್ಟೋಬರಿನಲ್ಲಿ ಬಂದದ್ದರ ಸಂಖ್ಯೆ 1113675, ಹುಡುಕಿ ಚಿತ್ರ ನೋಡಿ. ಇಡೀ ತಲೆ ಮುಚ್ಚುವ ಕುಲಾವಿ, ಅದರಿಂದ ಕೆಳಕ್ಕೆ ಇಳಿಬಿದ್ದ ಉದ್ದನೆ ಕೊಳವೆ. ಜಾಣತನ ಇರುವುದು ಆ ಕೊಳವೆಯಲ್ಲೇ. ಬೆಂಕಿ ಬಿದ್ದಾಗ ಬಿಸಿ ಹೊಗೆ ಮೇಲೇರುತ್ತೆ, ನೆಲದ ಹತ್ತಿರದ ಗಾಳಿ ಸ್ವಲ್ಪ ಹೊತ್ತು ಚೆನ್ನಾಗಿರುತ್ತೆ. ಸೌದೆ ಒಲೆಯ ಮನೆಯಲ್ಲಿ ಕೂತವರಿಗಿಂತ ನಿಂತವರ ಕಣ್ಣು ಜಾಸ್ತಿ ಉರಿಯುತ್ತೆ ಅಲ್ವಾ, ಹಾಗೆ. ಕೊಳವೆ ಕೆಳಗಿನ ಗಾಳಿಯನ್ನು ಎಳೆದುಕೊಳ್ಳುತ್ತೆ. ತುದಿಯಲ್ಲಿ ಒದ್ದೆ ಸ್ಪಂಜು ಇಟ್ಟರೆ ಅದು ಗಾಳಿಯನ್ನು ಸೋಸುತ್ತೆ, ತಂಪೂ ಮಾಡುತ್ತೆ.

ಮಾರಾಟದ ಕಥೆ ಮಾತ್ರ ಬೇಜಾರಿನದು. ಮಾರ್ಗನ್ ಕಪ್ಪು ಜನಾಂಗದವರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯನೊಬ್ಬನನ್ನು ಮುಂದೆ ನಿಲ್ಲಿಸಿ, ತಾವು ಅಲ್ಲಿನ ಮೂಲನಿವಾಸಿಯ ವೇಷ ಹಾಕಿಕೊಂಡು ಹೊಗೆ ತುಂಬಿದ ಡೇರೆಯೊಳಗೆ ಹೋಗಿ ತೋರಿಸುತ್ತಿದ್ದರು. 1916ರ ಜುಲೈನಲ್ಲಿ ಕ್ಲೀವ್‌ಲ್ಯಾಂಡಿನ ಈರಿ ಸರೋವರದ ಅಡಿ ನೀರಿನ ಸುರಂಗ ತೋಡುವಾಗ ಸ್ಫೋಟವಾಯಿತು. ಕಾಪಾಡಲು ಇಳಿದವರೇ ವಾಪಸ್ ಬರಲಿಲ್ಲ. ಆಮೇಲೆ ಮಾರ್ಗನ್, ಅವರ ಸಹೋದರ ಫ್ರ್ಯಾಂಕ್ ಈ ಕುಲಾವಿ ಹಾಕಿಕೊಂಡು ಇಳಿದು ಇಬ್ಬರನ್ನು ಜೀವಂತ ತಂದರು. ಪೇಪರಿನಲ್ಲಿ ಸುದ್ದಿ ಬಂದು ಇವರು ಕರಿಯರು ಅಂತ ಗೊತ್ತಾದ ಮೇಲೆ ದಕ್ಷಿಣದ ಕೆಲವರು ಆರ್ಡರ್ ವಾಪಸ್ ತಗೊಂಡರಂತೆ. ಜೀವ ಉಳಿಸೋ ಸಾಮಾನಿಗೂ ಬಣ್ಣ ನೋಡುವ ಜನ!

ಇನ್ನೊಂದು ಮಾತು. ಮೊದಲ ಮಹಾಯುದ್ಧದ ಸೈನಿಕರು ಹಾಕಿದ್ದೂ ಇದನ್ನೇ ಅಂತ ಎಲ್ಲಾದರೂ ಓದಿದರೆ ಸುಮ್ನೆ ನಂಬಬೇಡಿ. ಅಲ್ಲಿ ಬಿಟ್ಟ ಕ್ಲೋರಿನ್ ಅನ್ನೋ ವಿಷಾನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ತಗ್ಗಿನಲ್ಲೇ ನಿಲ್ಲುತ್ತೆ. ನೆಲದಿಂದ ಗಾಳಿ ಎಳೆಯುವ ಕೊಳವೆ ಅಲ್ಲಿ ವಿಷವನ್ನೇ ಎಳೆದೀತು. 1916ರಿಂದ ಬ್ರಿಟಿಷ್ ಸೈನಿಕರಿಗೆ ಕೊಟ್ಟ ಮಾಸ್ಕಿನಲ್ಲಿ ಇದ್ದಿಲು, ರಾಸಾಯನಿಕ ತುಂಬಿದ ಡಬ್ಬಿ ಇರುತ್ತಿತ್ತು. ಮಾರ್ಗನ್ ಮಾಡಿದ್ದು ಬೆಂಕಿ ಆರಿಸುವವರಿಗೆ, ಹೊಗೆಗೆ.