ಪೋಲ್ ವಾಲ್ಟ್‌ನಲ್ಲಿ ಬಿದ್ದ ಮೇಲೆ ಥಾಮಸ್ ಮಾರ್ಗನ್‌ಸ್ಟರ್ನ್ ತರಹ ಬೇಗ ವಾಪಸ್ ಬರುವುದು ಹೇಗೆ?

ನಿಮ್ಮ ಕೋಚ್ ನಿಮಗೆ ಹೇಳಿದ ಆ ಆಸ್ಟ್ರಿಯಾದ ಸ್ಕೀ ಜಂಪರ್ (ಸ್ಕೀ ಕಟ್ಟಿಕೊಂಡು ಹಿಮದ ಗುಡ್ಡದಿಂದ ಹಾರುವವನು) ಕಥೆ ನನಗೂ ಹೇಳಿದ್ದರು. ನಾನೂ ವಾಲ್ಟರ್ ಆಗಿದ್ದವನು. ಬಿದ್ದು ಮನೆಯಲ್ಲಿ ಕೂತಿದ್ದಾಗ ಸೀನಿಯರ್ ಒಬ್ಬರು ಫೋನ್ ಮಾಡಿ, "ತಲೆಗೆ ಪೆಟ್ಟು ಬಿದ್ದವನೇ ಒಂದು ತಿಂಗಳಲ್ಲಿ ಒಲಿಂಪಿಕ್ಸ್‌ಗೆ ಬಂದ ಕಣೋ, ನಿಂದೇನು?" ಅಂದರು. ಅಷ್ಟು ಸಾಕಾಯಿತು ನನಗೆ.

ಕಥೆ ಸುಳ್ಳಲ್ಲ. 2014ರ ಜನವರಿ 10ರಂದು ಮಾರ್ಗನ್‌ಸ್ಟರ್ನ್ ಆಸ್ಟ್ರಿಯಾದ ಕುಲ್ಮ್‌ನಲ್ಲಿ ಟ್ರೈನಿಂಗ್ ಜಂಪ್ ಮಾಡುವಾಗ ಬಿದ್ದ. ಅದು 200 ಮೀಟರ್ ಆಸುಪಾಸು ಹಾರುವ ಗುಡ್ಡ. ತಲೆಗೆ, ಶ್ವಾಸಕೋಶಕ್ಕೆ ಪೆಟ್ಟಾಗಿ ಹೆಲಿಕಾಪ್ಟರ್‌ನಲ್ಲಿ ಸಾಲ್ಸ್‌ಬರ್ಗ್ ಆಸ್ಪತ್ರೆಗೆ ಒಯ್ದರು. ಫೆಬ್ರವರಿಯಲ್ಲಿ ಸೋಚಿ ಒಲಿಂಪಿಕ್ಸ್‌ಗೆ ಬಂದು ಟೀಮ್ ಬೆಳ್ಳಿ ಗೆದ್ದ. ಜರ್ಮನಿಗೆ ಚಿನ್ನ ಹೋಗಿದ್ದು 2.7 ಪಾಯಿಂಟ್‌ನಲ್ಲಿ.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಅದೇ ಸೆಪ್ಟೆಂಬರ್‌ನಲ್ಲಿ ಅವನು ಆಟವನ್ನೇ ಬಿಟ್ಟ, ಇನ್ನೂ 27 ವರ್ಷ. ಇದನ್ನು ನಿಮ್ಮ ಕೋಚ್ ಹೇಳಲಿಲ್ಲ ಅಲ್ವಾ? ಇನ್ನೊಂದು ವಿಷಯವನ್ನೂ ಹೇಳಿರಲಿಕ್ಕಿಲ್ಲ. ಸೋಚಿಯಲ್ಲಿದ್ದ ದೊಡ್ಡ ಗುಡ್ಡ ಕೂಡ ಬರೀ 140 ಮೀಟರ್‌ನದ್ದು. ಅಂದರೆ ಅವನು ಬಿದ್ದ ಅಳತೆಯ ಗುಡ್ಡಕ್ಕೆ ಸೀದಾ ವಾಪಸ್ ಹೋಗಲಿಲ್ಲ.

ನಾನು ಹೋದೆ. ಮೊದಲ ದಿನವೇ ಹಳೆಯ ಗಟ್ಟಿ ಪೋಲ್, ಹಳೆಯ ಗ್ರಿಪ್ (ಪೋಲ್ ಹಿಡಿಯುವ ಎತ್ತರ), ಪೂರ್ತಿ ರನ್‌ಅಪ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೆದರಿಕೆ ಓಟದ ಶುರುವಿನಲ್ಲಿ ಕಾಣಿಸುವುದಿಲ್ಲ, ಕೊನೆಯ ಎರಡು ಹೆಜ್ಜೆಯಲ್ಲಿ ಕಾಣಿಸುತ್ತದೆ. ಬ್ರೇಕ್ ಹಾಕಲು ಕಾಲು ತಾನಾಗಿಯೇ ಮುಂದಕ್ಕೆ ಚಾಚುತ್ತದೆ. ಟೇಕಾಫ್ ಪಾದ ಮೇಲಿನ ಕೈಯ ನೇರಕ್ಕೆ ಬೀಳಬೇಕಾದ್ದು, ಅದನ್ನು ದಾಟಿ ಬಾಕ್ಸ್ (ಪೋಲ್ ತುದಿ ಊರುವ ಗುಂಡಿ) ಹತ್ತಿರ ಬೀಳುತ್ತದೆ. ಕೈ ಮೇಲೇಳುವುದು ತಡವಾಗುತ್ತದೆ. ಓಡಿ ಬಂದ ವೇಗ ಅರ್ಧ ಅಲ್ಲೇ ಸತ್ತಿರುತ್ತದೆ. ಮೆದು ಪೋಲ್ ಇದ್ದು ಗ್ರಿಪ್ ಕೆಳಗಿದ್ದರೆ ಹೇಗೋ ಬೆಡ್ ಮೇಲೆ ಹಾಕುತ್ತಿತ್ತು. ಗಟ್ಟಿ ಪೋಲ್ ಬಾಗಲೇ ಇಲ್ಲ. ಮೇಲಕ್ಕೆ ಹೋಗುತ್ತಾ ಹೋಗುತ್ತಾ ನಿಂತಿತು, ಆಮೇಲೆ ರನ್‌ವೇ ಕಡೆಗೆ ನನ್ನನ್ನು ವಾಪಸ್ ತಳ್ಳಿತು. ಬಾಕ್ಸ್ ಅಂಚಿನ ಮೇಲೆ ಪಾದ ಬಂತು. ಹಿಮ್ಮಡಿ ಮೂಳೆ ಮುರಿಯಿತು. ಅಲ್ಲಿಗೆ ನನ್ನ ವಾಲ್ಟ್ ಮುಗಿಯಿತು. ಮೊದಲ ಸಲ ಬಿದ್ದಾಗ ಬರೀ ಭುಜ ಉಳುಕಿತ್ತು ಅಷ್ಟೇ!

ಆರೇ ಹೆಜ್ಜೆಯ ರನ್‌ಅಪ್, ಗ್ರಿಪ್ ಒಂದು ಗೇಣು ಕೆಳಗೆ, ಜೂನಿಯರ್‌ಗಳ ಪೋಲ್. ಇಷ್ಟು ಮಾಡಿದ್ದರೆ ಸಾಕಿತ್ತು. ಹುಡುಗರ ಮುಂದೆ ಆ ಪೋಲ್ ಹಿಡಿಯಲು ನಾಚಿಕೆ.

ಮಾರ್ಗನ್‌ಸ್ಟರ್ನ್‌ಗೆ ಬೀಳುವುದು ಹೊಸದೇನಲ್ಲ. 2003ರಲ್ಲಿ ಫಿನ್ಲೆಂಡ್‌ನ ಕೂಸಾಮೊದಲ್ಲಿ ಭಯಂಕರವಾಗಿ ಬಿದ್ದಾಗ 17 ವರ್ಷದ ಹುಡುಗ. ವಾಪಸ್ ಬಂದ. 2006ರ ಟುರಿನ್ ಒಲಿಂಪಿಕ್ಸ್‌ನ ದೊಡ್ಡ ಗುಡ್ಡದಲ್ಲಿ ತನ್ನದೇ ಟೀಮಿನ ಆಂಡ್ರಿಯಾಸ್ ಕೋಫ್ಲರ್‌ನನ್ನು 0.1 ಪಾಯಿಂಟ್‌ನಲ್ಲಿ ಹಿಂದೆ ಹಾಕಿ ಚಿನ್ನ ಗೆದ್ದ. ಆಮೇಲೆ ಎರಡು ಸಲ ವರ್ಲ್ಡ್ ಕಪ್ ಒಟ್ಟಾರೆ ಪ್ರಶಸ್ತಿ, 2010-11ರಲ್ಲಿ ಫೋರ್ ಹಿಲ್ಸ್ ಅನ್ನುವ ಸ್ಕೀ ಜಂಪಿಂಗ್ ಟೂರ್ನಿ. 2013ರ ಡಿಸೆಂಬರ್‌ನಲ್ಲಿ ಜರ್ಮನಿಯ ಟಿಟಿಸೀ-ನಾಯ್‌ಸ್ಟಾಟ್‌ನಲ್ಲಿ ಬಿದ್ದು ಬೆರಳು ಮುರಿದರೂ ಆ ಸಲದ ಫೋರ್ ಹಿಲ್ಸ್‌ನಲ್ಲಿ ಎರಡನೆಯವನಾದ. ಅದು ಮುಗಿದು ಒಂದು ವಾರವೂ ಆಗಿರಲಿಲ್ಲ, ಕುಲ್ಮ್‌ನಲ್ಲಿ ಬಿದ್ದ.

ಇಷ್ಟು ಸಲ ಎದ್ದು ಬಂದವನೇ ಕೊನೆಗೆ ಸಾಕು ಅಂದ. ಈಗ ಹೆಲಿಕಾಪ್ಟರ್ ಓಡಿಸುತ್ತಾನೆ. ಅವನನ್ನು ಪುಕ್ಕಲ ಅನ್ನುವವರು ಮೊದಲು ಆ ಗುಡ್ಡದ ತುದಿಯ ಹಲಗೆ ಮೇಲೆ ಕೂತು ಕೆಳಗೆ ನೋಡಲಿ.

ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ "ಬೇಗ" ನನಗೆ ಒಪ್ಪಿಗೆ ಇಲ್ಲ. "ಮುಂದಿನ ತಿಂಗಳ ಸೆಲೆಕ್ಷನ್‌ಗೆ ರೆಡಿ ಆಗಬೇಕು" ಅಂತ ಬರೆದಿದ್ದೀರಿ. ಸುಮ್ನೆ ಬಿಟ್ಟುಬಿಡಿ ಅದನ್ನು. ಕೋಚ್ ಬೈದರೆ ಬೈಯಲಿ. ಚಿಕ್ಕ ರನ್‌ಅಪ್‌ನಲ್ಲಿ ಒಂದಷ್ಟು ವಾರ ಹಾರಿ, ಯಾರಾದರೂ ಪಕ್ಕದಿಂದ ವಿಡಿಯೋ ಮಾಡಲಿ, ಕೊನೆಯ ಎರಡು ಹೆಜ್ಜೆ ಮಾತ್ರ ನೋಡಿ. ಕಾಲು ಮುಂದಕ್ಕೆ ಚಾಚುತ್ತಿದ್ದರೆ ರನ್‌ಅಪ್ ಹೆಚ್ಚಿಸಬೇಡಿ. ನಿಮ್ಮ ತೂಕ, ಈಗ ಹಿಡಿಯುತ್ತಿರುವ ಪೋಲ್ ಯಾವುದು, ಎರಡನ್ನೂ ಕೆಳಗೆ ಬರೆಯಿರಿ. ನನಗನ್ನಿಸುವುದು ನಿಮ್ಮದೂ ಜಾಸ್ತಿ ಗಟ್ಟಿಯ ಪೋಲ್ ಅಂತ.