ಅಪೀಲಿಗೆ ವಕೀಲರನ್ನು ಹುಡುಕುವ ಮೊದಲು

ಖಾತೆಯಲ್ಲಿ ಹಣ ಸಾಲದೆಂದು ಬ್ರಿಟನ್ನಿನ ವಿದ್ಯಾರ್ಥಿ ವೀಸಾ ತಿರಸ್ಕಾರವಾಗಿದೆ, ಅಪೀಲಿಗೆ ಶಿವಮೊಗ್ಗದಲ್ಲಿ ಒಳ್ಳೆಯ ವಕೀಲರು ಯಾರು ಎಂದು ಕೇಳಿದ್ದೀರಿ. 2022ರ ಡಿಸೆಂಬರಿನಲ್ಲಿ ನಾನೂ ಇದನ್ನೇ ಕೇಳಿಕೊಂಡು ಅಲೆದಿದ್ದೆ.

ನಮ್ಮ ಮನೆ ಹೊಸನಗರದ ಕಡೆ, ಅಡಿಕೆ ತೋಟ. ಲಂಡನ್ನಿನ ಹೊರಗೆ ಓದುವವರು ಆಗ ತಿಂಗಳಿಗೆ 1,023 ಪೌಂಡ್‌ನಂತೆ ಒಂಬತ್ತು ತಿಂಗಳ ಖರ್ಚನ್ನೂ ಬಾಕಿ ಶುಲ್ಕವನ್ನೂ ತೋರಿಸಬೇಕಿತ್ತು. ಅಪ್ಪಯ್ಯನ ಖಾತೆಯಲ್ಲಿ ಅಷ್ಟಿತ್ತು, ಮೇಲೆ ಹತ್ತು ಸಾವಿರ ರೂಪಾಯಿಯೂ ಇತ್ತು. ಆ ಹಣ ಸತತ 28 ದಿನ ಒಂದು ದಿನವೂ ಕೆಳಗಿಳಿಯಬಾರದು. ಹತ್ತೊಂಬತ್ತನೆಯ ದಿನ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ಬಂದ. ಅವನನ್ನು ಬಿಟ್ಟರೆ ಮತ್ತೆ ಹದಿನೈದು ದಿನ ಸಿಗುವುದಿಲ್ಲ, ಅಷ್ಟರಲ್ಲಿ ಅಡಿಕೆ ಹಣ್ಣಾಗಿ ಗೋಟಾಗುತ್ತದೆ. ಅಪ್ಪಯ್ಯ ಅರವತ್ತು ಸಾವಿರ ತೆಗೆದು ಕೊನೆ ಕೊಯ್ಯುವವರಿಗೂ ಸುಲಿಯುವವರಿಗೂ ಕೊಟ್ಟರು. ಮೂರನೆಯ ದಿನ ಮಂಡಿಯಿಂದ ದುಡ್ಡು ಬಂತು, ಎಂಬತ್ತು ಸಾವಿರ ತುಂಬಿದರು. ಸ್ಟೇಟ್‌ಮೆಂಟಿನಲ್ಲಿ ನಾನು ಕೊನೆಯ ಸಾಲು ಮಾತ್ರ ನೋಡಿದೆ, ಬೇಕಾದದ್ದಕ್ಕಿಂತ ಹೆಚ್ಚೇ ಇತ್ತು.

ಇದನ್ನು ನಾನು ತಪ್ಪು ಎನ್ನುವುದಿಲ್ಲ. ತೋಟದವರ ಮನೆಯಲ್ಲಿ ಇದು ಆಗುವಂಥದ್ದೇ. ನನ್ನ ಎಂಟು ತಿಂಗಳನ್ನು ತಿಂದದ್ದು ಅದರ ನಂತರದ ಕೆಲಸ.

ಒಬ್ಬ ಏಜೆಂಟರು ಹದಿನೈದು ಸಾವಿರ ತೆಗೆದುಕೊಂಡು ‘ಅಪೀಲು ಹಾಕೋಣ’ ಎಂದರು. ಅದು ಅಪೀಲೇ ಅಲ್ಲ. ನ್ಯಾಯಾಧೀಶರಿಲ್ಲ, ವಾದವಿಲ್ಲ, ನೀವು ಬಾಯಿ ತೆರೆಯುವ ಸಂದರ್ಭವೇ ಇಲ್ಲ. ಅದರ ಹೆಸರು ಆಡಳಿತಾತ್ಮಕ ಮರುಪರಿಶೀಲನೆ. ಶುಲ್ಕ 80 ಪೌಂಡ್. ತಿರಸ್ಕಾರದ ಪತ್ರ ಕೈಸೇರಿದ 28 ದಿನಗಳೊಳಗೆ ಕೇಳಬೇಕು. (ಹಣದ 28 ಬೇರೆ, ಈ 28 ಬೇರೆ. ನಾನು ಎರಡನ್ನೂ ಕಲಸಿಕೊಂಡು ಒಂದು ವಾರ ಕಳೆದೆ.) ಮೊದಲು ಕಡತ ನೋಡಿದ ಅಧಿಕಾರಿ ತನ್ನ ಮುಂದಿದ್ದ ಕಾಗದಗಳನ್ನು ಸರಿಯಾಗಿ ಓದಿದ್ದರೋ ಇಲ್ಲವೋ ಎಂಬುದಷ್ಟೇ ಅಲ್ಲಿ ವಿಚಾರ. ನಾನು ಮಾಡಿದ್ದೇನು? ಮಂಡಿಯ ಪಟ್ಟಿ, ಪಹಣಿ, ಕೊನೆ ಕೊಯ್ಲು ಎಂದರೇನು ಎಂದು ವಿವರಿಸುವ ಎರಡು ಪುಟದ ಪತ್ರ ಬರೆದೆ, ಕೊನೆಗಾರನ ಕೂಲಿಯ ಲೆಕ್ಕ ಸಮೇತ! ಎಲ್ಲವೂ ಸತ್ಯ, ಒಂದೂ ಉಪಯೋಗಕ್ಕೆ ಬರಲಿಲ್ಲ. ಅಧಿಕಾರಿ ತಪ್ಪೇ ಮಾಡಿರಲಿಲ್ಲ. ಮೂರು ದಿನ ಹಣ ಕಡಿಮೆ ಇತ್ತು, ಕಡಿಮೆ ಇತ್ತೆಂದೇ ಬರೆದಿದ್ದರು. ಆದರೆ ‘ನಮ್ಮ ಮನೆಯ ದುಡ್ಡು ಸುಳ್ಳೇ?’ ಎಂಬ ಉರಿ ನನ್ನನ್ನು ಕಾಯುತ್ತಾ ಕೂರಿಸಿತು. ಕಾಯುವಾಗ ಹೊಸ ಅರ್ಜಿ ಹಾಕುವಂತೆಯೂ ಇಲ್ಲ, ಹಾಕಿದರೆ ಮರುಪರಿಶೀಲನೆ ಅಲ್ಲಿಗೇ ನಿಲ್ಲುತ್ತದೆ. ಮೊದಲಿನ ತೀರ್ಮಾನವೇ ಸರಿ ಎಂಬ ಉತ್ತರ ಬರುವಷ್ಟರಲ್ಲಿ ಜನವರಿಯ ತರಗತಿಗಳು ಶುರುವಾಗಿದ್ದವು.

ಆದ್ದರಿಂದ ವಕೀಲರ ಹೆಸರು ನಾನು ಕೊಡುವುದಿಲ್ಲ. ಪತ್ರದಲ್ಲಿ ಕಾರಣ ಬರೆದಿರುವ ಸಾಲನ್ನೂ ನಿಮ್ಮ ಸ್ಟೇಟ್‌ಮೆಂಟನ್ನೂ ಪಕ್ಕಪಕ್ಕ ಇಟ್ಟು ದಿನದಿನದ ಬಾಕಿ ನೋಡಿ. 28 ದಿನವೂ ಹಣವಿದ್ದು ಅವರು ಇಲ್ಲ ಎಂದಿದ್ದರೆ, ಅಥವಾ ತಂದೆಯ ಒಪ್ಪಿಗೆ ಪತ್ರ ಲಗತ್ತಿಸಿದ್ದರೂ ಕಾಣಲಿಲ್ಲ ಎಂದಿದ್ದರೆ ಮರುಪರಿಶೀಲನೆ ಕೇಳಿ. ಗೆದ್ದರೆ ಆ 80 ಪೌಂಡ್ ವಾಪಸು ಬರುತ್ತದೆ. ಹಣ ಇಳಿದದ್ದು ನಿಜವೇ? ಹಾಗಿದ್ದರೆ ಇವತ್ತೇ ವಿಶ್ವವಿದ್ಯಾಲಯಕ್ಕೆ ಬರೆದು ಹೊಸ ‘ಕ್ಯಾಸ್’ (ಪ್ರವೇಶ ಖಚಿತಪಡಿಸಿ ಅವರು ಕೊಡುವ ಸಂಖ್ಯೆ) ಕೇಳಿ, ಹಳೆಯದು ಮತ್ತೆ ನಡೆಯುವುದಿಲ್ಲ. 28 ದಿನವನ್ನು ಮೊದಲಿನಿಂದ ಎಣಿಸಿ. ಪೌಂಡಿನ ದರ ನೋಡುವುದು ಅರ್ಜಿ ಹಾಕಿದ ದಿನದ್ದು, ಹಾಗಾಗಿ ಹತ್ತು ಸಾವಿರ ಹೆಚ್ಚಿಟ್ಟು ನೆಮ್ಮದಿಯಾಗಿರಬೇಡಿ. ಅರ್ಜಿಯ ಜೊತೆ ಅಲ್ಲಿನ ಚಿಕಿತ್ಸೆಗೆಂದು ಕಟ್ಟಿದ ಆರೋಗ್ಯ ಸರ್ಚಾರ್ಜ್ ಹಿಂದಿರುಗುತ್ತದೆ, ವೀಸಾ ಶುಲ್ಕ ಹೋದಂತೆಯೇ. ಹೊಸ ಅರ್ಜಿಯಲ್ಲಿ ಹಿಂದಿನ ತಿರಸ್ಕಾರವನ್ನು ಮುಚ್ಚಿಡುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅವರ ಕಚೇರಿಯಿಂದ ಎದ್ದು ಬನ್ನಿ. ವಂಚನೆ ಎಂದಾದರೆ ಹತ್ತು ವರ್ಷ ಬಾಗಿಲು ಮುಚ್ಚಬಹುದು.

ನಾನು 2023ರ ಸೆಪ್ಟೆಂಬರಿನಲ್ಲಿ ಹೋದೆ. ಆ ಸಲ 28 ದಿನದ ಲೆಕ್ಕ ಬಿದ್ದದ್ದು ಕೊಳೆರೋಗಕ್ಕೆ ಔಷಧಿ ಹೊಡೆಯುವ ಕಾಲಕ್ಕೆ. ಅಪ್ಪಯ್ಯ ಮೈಲುತುತ್ತಕ್ಕೂ ಕೂಲಿಗೂ ಸೊಸೈಟಿಯಲ್ಲಿ ಸಾಲ ಮಾಡಿದರು, ಚೆಕ್ ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟು ‘ನಾನು ಕೇಳಿದರೂ ಕೊಡಬೇಡ’ ಎಂದರು.