ಜಗಳವಾದಾಗ ನಿಮ್ಮ ಪರ ಮಾತಾಡೋರು ಯಾರು?

ಪ್ರಶ್ನೆ: ನಾನು ಮೈಸೂರಿನವಳು, ವಯಸ್ಸು 28. ಬೆಂಗಳೂರಿಗೆ ಓದಲು ಬಂದಿದ್ದ ನೈಜೀರಿಯಾದ ಇಗ್ಬೋ ಸಮುದಾಯದ ಹುಡುಗನನ್ನು ಪ್ರೀತಿಸುತ್ತಿದ್ದೇನೆ. ಮದುವೆಯಾದರೆ ಅವನೂರು ಎನುಗುಗೆ ಹೋಗಬೇಕು. ಅವರ ಕಡೆಯವರು ವಧುದಕ್ಷಿಣೆ ಕೊಡುತ್ತೇವೆ ಎಂದಾಗ ಅಪ್ಪ "ಮಗಳನ್ನು ಮಾರಬೇಕಾ?" ಎಂದು ಸಿಟ್ಟಾದರು. ಜಗಳವಾದರೆ ಕುಲದ ಹಿರಿಯರು ಕೂತು ಬಗೆಹರಿಸುತ್ತಾರಂತೆ. "ನಮ್ಮಜ್ಜಿಯರ ಕಾಲದಲ್ಲಿ ಮದುವೆ ಮುರೀತಾನೇ ಇರಲಿಲ್ಲ, ಹೆಂಗಸರಿಗೆ ತಾಳ್ಮೆ ಇತ್ತು" ಎನ್ನುತ್ತಾನೆ ಹುಡುಗ. ಇದೆಲ್ಲ ಕೇಳಿ ಭಯವಾಗಿದೆ.

ಉತ್ತರ: ತಂಗಿ, ಮೊದಲು ಅಪ್ಪನ ವಿಷಯ. ನಮ್ಮ ಕಡೆಯೂ ಎಷ್ಟೋ ಸಮುದಾಯಗಳಲ್ಲಿ ತೆರ ಕೊಟ್ಟೇ ಹೆಣ್ಣು ತರುತ್ತಿದ್ದರು, ಅವರಿಗೆ ನೆನಪಿಸಿ. ಇಗ್ಬೋ ತಂದೆಯರಲ್ಲೂ ಅನೇಕರು ಮುಂದಿಟ್ಟ ಹಣದಲ್ಲಿ ಸ್ವಲ್ಪ ತೆಗೆದುಕೊಂಡು, "ಮಗಳನ್ನು ಮಾರುತ್ತಿಲ್ಲ" ಎಂದು ಉಳಿದದ್ದನ್ನು ವಾಪಸ್ ಕೊಡುತ್ತಾರೆ. ನಿಮ್ಮಪ್ಪನೂ ಹಾಗೇ ಮಾಡಬಹುದು.

ನನಗೆ ಒಪ್ಪಿಗೆಯಾಗದ್ದು ಹುಡುಗನ ತಾಳ್ಮೆಯ ಮಾತು. ಅಲ್ಲಿ ಮದುವೆ ಮುರಿಯುತ್ತಿತ್ತು. ಹೆಣ್ಣು ತವರಿಗೆ ಬಂದುಬಿಟ್ಟರೆ ತೆರ ಹಿಂದಿರುಗಿಸಬೇಕಿತ್ತು, ಮಕ್ಕಳು ತಂದೆಯ ಕುಲಕ್ಕೇ ಸೇರುತ್ತಿದ್ದರು. ಈ ಕಾರಣಕ್ಕೆ ಎಷ್ಟೋ ಹೆಂಗಸರು ಬಾಯಿ ಮುಚ್ಚಿಕೊಂಡು ಉಳಿದಿರುತ್ತಾರೆ. ಅದನ್ನು ತಾಳ್ಮೆ ಎಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ಆ ಅಜ್ಜಿಯರು ಒಂಟಿಯಾಗಿರಲಿಲ್ಲ. ಗಂಡ ಹೊಡೆದರೆ, ಹೆಂಡತಿಯ ಬೆಳೆಗೆ ತನ್ನ ದನ ಬಿಟ್ಟರೆ, ಊರ ಹೆಂಗಸರೆಲ್ಲ ಸೇರಿ ಅವನ ಮನೆ ಮುಂದೆ ಕೂರುತ್ತಿದ್ದರು. ಅವನ ತಪ್ಪುಗಳನ್ನೇ ಹಾಡು ಕಟ್ಟಿ ಹಾಡುತ್ತಿದ್ದರು, ಒನಕೆಯಿಂದ ಗುಡಿಸಲು ಬಡಿಯುತ್ತಿದ್ದರು. ತಪ್ಪಾಯ್ತು ಅನ್ನೋವರೆಗೂ ಏಳುತ್ತಿರಲಿಲ್ಲ. 1929ರಲ್ಲಿ ಬ್ರಿಟಿಷರು ನೇಮಿಸಿದ್ದ ಮುಖಂಡರ ವಿರುದ್ಧ ಸಾವಿರಾರು ಹೆಂಗಸರು ಎದ್ದಾಗ ಬಳಸಿದ್ದೂ ಇದೇ ದಾರಿ. ಇಂಥ ಬಲ ಬೆನ್ನಿಗಿದ್ದ ಹೆಂಗಸನ್ನು ಗಂಡ ಸುಮ್ನೆ ತುಳಿಯೋಕಾಗಲ್ಲ, ಅಲ್ವಾ?

ಕೈಯಲ್ಲಿ ದುಡ್ಡೂ ಇತ್ತು. ಸಂತೆ ವ್ಯಾಪಾರ ಹೆಚ್ಚಾಗಿ ಅವರದೇ. ತಾಳೆಬೀಜ ಮಾರಿ ಬಂದ ಹಣವನ್ನು ಅವರೇ ಇಟ್ಟುಕೊಳ್ಳುತ್ತಿದ್ದರು. ಕುಲದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಉಮುಆಡಾ ಎನ್ನುತ್ತಾರೆ. ಮದುವೆಯಾಗಿ ಹೋದ ಮೇಲೂ ಇವರು ತವರಿಗೆ ಬಂದು ಜಗಳ ಬಿಡಿಸುತ್ತಾರೆ, ಅವರ ಮಾತಿಗೆ ಬೆಲೆ ಜಾಸ್ತಿ. ಆದರೆ ಅವರು ನಿಮ್ಮ ಗಂಡನ ಅಕ್ಕತಂಗಿಯರು. ನ್ಯಾಯ ನಿಮ್ಮ ಕಡೆ ಇದ್ದಾಗಲೂ ನಿಮ್ಮ ಪರ ನಿಲ್ಲುತ್ತಾರೋ ಇಲ್ಲವೋ, ಈಗಲೇ ಹೋಗಿ ಮಾತಾಡಿಸಿ ನೋಡಿ.

ಎನುಗುವಿನಲ್ಲಿ ನಿಮಗೆ ತವರು ಹತ್ತಿರವಿಲ್ಲ. ಹಾಗಾಗಿ ಹುಡುಗನ ಹತ್ತಿರ ನೇರವಾಗಿ ಕೇಳಿ: ಹಿರಿಯರು ಕೂತಾಗ ನಮ್ಮಪ್ಪನೋ ಅಣ್ಣನೋ ಫೋನಿನಲ್ಲಾದರೂ ಜೊತೆಗಿರಬಹುದಾ? ನಾನು ಕೆಲಸಕ್ಕೆ ಹೋಗಿ ನನ್ನ ದುಡ್ಡು ನಾನೇ ಇಟ್ಟುಕೊಳ್ಳಬಹುದಾ? ಇದಕ್ಕೆ ಅವನು ಮುಖ ಸಿಂಡರಿಸಿದರೆ ಮದುವೆ ಮುಂದಕ್ಕೆ ಹಾಕಿ. ಖುಷಿಯಿಂದ ಒಪ್ಪಿದರೆ ಇಲ್ಲೇ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಿ, ಆಮೇಲೆ ಅವರ ಶಾಸ್ತ್ರ ಮಾಡಿಕೊಳ್ಳಿ. ಅಲ್ಲಿ ಹಿಂದೆ ಒಬ್ಬನಿಗೆ ಹಲವು ಹೆಂಡತಿಯರಿರುತ್ತಿದ್ದರು. ಈ ಕಾಯ್ದೆಯಡಿ ಆದದ್ದು ಒಬ್ಬಳೇ ಹೆಂಡತಿಯ ಮದುವೆ. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು. ಅಷ್ಟರಲ್ಲಿ ಎರಡೂ ಮನೆಯವರನ್ನು ಒಮ್ಮೆ ವಿಡಿಯೋ ಕಾಲ್‌ನಲ್ಲಾದರೂ ಎದುರುಬದುರು ಕೂರಿಸಿ, ಅಪ್ಪನೇ ಮಾತಾಡಲಿ.